ನವ್ಯಾಳ ರಕ್ತದಲ್ಲಿ ಏನಿತ್ತು

"ಕೈಯಿಂದ ತಿನ್ನಿಸ್ಬೇಡ ಅಂತ ಎಷ್ಟು ಸಲ ಹೇಳ್ಬೇಕು ನಿಂಗೆ? ಉಗುರು ನೋಡ್ಕೊ ಒಂದ್ಸಲ. ಸ್ಪೂನ್ ಯಾಕಿರೋದು ಮನೇಲಿ?"

ಸಮೀಕ್ಷಾ ತಟ್ಟೆ ಕಿತ್ತುಕೊಂಡಳು. ಹುಲಿಗೆವ್ವ ಬೆರಳಿಗಂಟಿದ ಅನ್ನವನ್ನು ಸೆರಗಿಗೆ ಒರೆಸಹೋಗಿ, ಅದಕ್ಕೂ ಬೈಗುಳ ಬಿದ್ದೀತೆಂದು ನಲ್ಲಿಯ ಕಡೆ ನಡೆದಳು. ಸಮೀಕ್ಷಾಳ ಆರು ವರ್ಷದ ಮಗಳು ಅಮೂಲ್ಯಾ ಮುಂದಿನ ತುತ್ತಿಗೆ ಬಾಯಿ ತೆರೆದುಕೊಂಡೇ ಕೂತಿದ್ದಳು.

"ನಿಮ್ಮೂರ ಮಕ್ಕಳ ಥರ ಅಲ್ಲ ಇವಳು. ಬೇಗ ಇನ್‌ಫೆಕ್ಷನ್ ಆಗುತ್ತೆ."

ಸಮೀಕ್ಷಾ ನೆದರ್ಲೆಂಡ್ಸಿನ ನೈಮೆಗನ್‌ನಲ್ಲಿ ಮಕ್ಕಳ ರೋಗನಿರೋಧಕ ಶಕ್ತಿಯ ಬಗ್ಗೆ ಸಂಶೋಧನೆ ಮಾಡುವವಳು. ಎರಡು ವರ್ಷದ ಹಿಂದೆ ಕೊಪ್ಪಳದ ಕಡೆಯ ಗುಡ್ಡದಹಾಳಿಗೆ ಬಂದು, ಹಳ್ಳಿಯ ಗಾಳಿ, ನೀರು, ಊಟ ಮಕ್ಕಳ ಮೈಯನ್ನು ಏನು ಮಾಡುತ್ತವೆಂದು ನೋಡಲು ಐವತ್ತೆಂಟು ಮಕ್ಕಳ ರಕ್ತ ತೆಗೆಸಿದ್ದಳು. ಊರಿನ ಪಕ್ಕದಲ್ಲೇ ಕಬ್ಬಿಣದ ಕಾರ್ಖಾನೆ. ಬೆಳಿಗ್ಗೆ ಒರೆಸಿದ ಕಟ್ಟೆ ಮಧ್ಯಾಹ್ನದ ಹೊತ್ತಿಗೆ ಕಪ್ಪಾಗುತ್ತಿತ್ತು. ಒಣಹಾಕಿದ ಜೋಳದ ಮೇಲೂ ಅದೇ ಧೂಳು. ಎಮ್ಮೆ ಕಟ್ಟಿದವರ ಹಾಲೆಲ್ಲ ಡೈರಿಗೆ ಹೋಗಿ, ಮಕ್ಕಳ ಪಾಲಿಗೆ ಕರಿ ಚಹಾ ಉಳಿಯುತ್ತಿತ್ತು. ಹುಲಿಗೆವ್ವ ಅಲ್ಲಿನ ಅಂಗನವಾಡಿಯ ಸಹಾಯಕಿ. ಸೂಜಿ ಚುಚ್ಚುವಾಗ ಮಕ್ಕಳ ತೋಳು ಹಿಡಿದುಕೊಂಡವಳು ಅವಳೇ. ಉಳಿದ ತಾಯಂದಿರಿಗೆ ಧೈರ್ಯ ಬರಲೆಂದು ಮೊದಲು ತನ್ನ ಮಗಳು ನವ್ಯಾಳನ್ನೇ ಕೂರಿಸಿದ್ದಳು.

ಈ ವರ್ಷ ಸಮೀಕ್ಷಾ ಮತ್ತೆ ಬಂದಳು. ಮೂರು ತಿಂಗಳು ನಮ್ಮ ಮನೆಗೆ ಬಂದು ಮಗುವನ್ನು ನೋಡಿಕೊ ಎಂದಳು. ನವ್ಯಾಳಿಗೆ ಸದಾ ಕೆಮ್ಮು, ಐದು ತುಂಬಿದ್ದರೂ ಮೂರರ ಮೈ. ನೀನು ಬಂದು ಹೋದ ಮೇಲೆ ಬೆಂಗಳೂರಿನ ದೊಡ್ಡ ಡಾಕ್ಟರಿಗೆ ನಾನೇ ತೋರಿಸುತ್ತೇನೆ ಎಂದಳು. ಅದಕ್ಕೇ ಹುಲಿಗೆವ್ವ ಕೂಸನ್ನು ತನ್ನ ತಾಯಿಯ ಬಳಿ ಬಿಟ್ಟು ವಿಮಾನ ಹತ್ತಿದ್ದು. ನಿಲ್ದಾಣದಲ್ಲಿ ಯಾರಾದರೂ ಕೇಳಿದರೆ ಸಮೀಕ್ಷಾ ನನ್ನ ಅಕ್ಕ ಎನ್ನಬೇಕು ಎಂದು ಕಲಿಸಿದ್ದರು. ಮನೆ ಸೇರಿದ ದಿನವೇ ಅವಳ ಪಾಸ್‌ಪೋರ್ಟನ್ನು ಸಮೀಕ್ಷಾಳ ಗಂಡ ಜಯದೇವ ಕಪಾಟಿನಲ್ಲಿಟ್ಟು ಬೀಗ ಹಾಕಿದ.

ಎರಡು ತಿಂಗಳು ಕಳೆದಿತ್ತು. ಮಂಗಳವಾರ ಬೆಳಿಗ್ಗೆ ತಾಯಿಯ ಫೋನು ಬಂತು.

"ಕೂಸಿನ ಎದಿ ಗೊರಗೊರ ಅನ್ನಾಕತ್ತೈತಿ ಹುಲಿಗಿ. ಉಸ್ರು ತಗೊಂಡ್ರ ಪಕ್ಕೆಲುಬು ಒಳಗ ಜಗ್ತಾವ. ಆ ಡಾಕ್ಟರ ಸೂಳೆಮಗ ಮುಟ್ಟಿ ಸುದಾ ನೋಡ್ಲಿಲ್ಲ, ಕೊಪ್ಪಳಕ್ಕ ಒಯ್ರಿ ಅಂದ. ಅವ್ವಾ ಅವ್ವಾ ಅಂತೈತಿ. ನೀ ಬಂದ್ಬಿಡವ್ವ."

ಹುಲಿಗೆವ್ವ ಸಮೀಕ್ಷಾಳ ಮುಂದೆ ಹೋಗಿ ನಿಂತಳು. "ನನ್ನ ಊರಿಗೆ ಕಳಿಸ್ರಿ ಮೇಡಮ್ಮಾರ. ಕೂಸಿಗೆ ಭಾಳ ಆಗೈತಿ."

"ಟಿಕೆಟ್ ಚೇಂಜ್ ಮಾಡೋದು ಅಷ್ಟು ಈಸಿ ಅಲ್ಲ. ಶನಿವಾರ ನಮ್ಮ ಸ್ಟಡಿ ನಡೆಸೋ ಪ್ರೊಫೆಸರ್ ಊಟಕ್ಕೆ ಬರ್ತಿದಾರೆ, ಅದು ಮುಗೀಲಿ. ಮಕ್ಕಳಿಗೆ ಜ್ವರ ಬರುತ್ತೆ, ಹೋಗುತ್ತೆ."

ಅವತ್ತು ಸಂಜೆ ಅಮೂಲ್ಯಾಳ ಮೈ ಸ್ವಲ್ಪ ಬೆಚ್ಚಗಿತ್ತು. ಸಮೀಕ್ಷಾ ಡಾಕ್ಟರಿಗೆ ಎರಡು ಸಲ ಫೋನು ಮಾಡಿದಳು. ಹುಲಿಗೆವ್ವ ಮಗುವಿನ ಹಣೆಗೆ ಒದ್ದೆ ಬಟ್ಟೆ ಹಾಕುತ್ತ ಪಕ್ಕದಲ್ಲೇ ಕೂತಳು. ಬಟ್ಟೆ ಬದಲಿಸುವಾಗ ಆ ದುಂಡನೆಯ ಎದೆ ಏರಿಳಿಯುವುದು ಕಂಡು ಮುಖ ತಿರುಗಿಸಿಕೊಂಡಳು.

ಗುರುವಾರ ಮಧ್ಯಾಹ್ನ ನವ್ಯಾ ಹೋದಳು. ಮಣ್ಣು ಮಾಡಿ ಬಂದ ಮೇಲೆ ತಾಯಿ ತಿಳಿಸಿದಳು. ಹುಲಿಗೆವ್ವ ಅಡುಗೆಮನೆಯ ನೆಲದ ಮೇಲೆ ಕೂತುಬಿಟ್ಟಳು. ಶಾಲೆಯಿಂದ ಬಂದ ಅಮೂಲ್ಯಾ ಏನೆಂದು ತಿಳಿಯದೆ ಅವಳ ತೊಡೆಯ ಮೇಲೆ ತಲೆಯಿಟ್ಟು ಮಲಗಿದಳು.

ಸಮೀಕ್ಷಾ ಕೆಲಸದಿಂದ ಬಂದು ಪಕ್ಕದಲ್ಲಿ ಕುಳಿತಳು. ಅವಳ ಕಣ್ಣಲ್ಲೂ ನೀರಿತ್ತು.

"ನಿನ್ನ ತಪ್ಪಲ್ಲ ಹುಲಿಗೆವ್ವ. ಮೊದಲೇ ತುಂಬಾ ವೀಕ್ ಮಗು ಅದು. ನಮ್ಮ ಡೇಟಾದಲ್ಲೇ ಇತ್ತಲ್ಲ, ರಕ್ತ ಅಷ್ಟು ಕಡಿಮೆ, ರೋಗ ತಡ್ಕೊಳ್ಳೋ ಶಕ್ತೀನೇ ಇರ್ಲಿಲ್ಲ."

ಹುಲಿಗೆವ್ವ ಮೆಲ್ಲಗೆ ತಲೆಯೆತ್ತಿದಳು. "ಯಾವಾಗ ಗೊತ್ತಿತ್ರಿ ನಿಮಗ?"

ಸಮೀಕ್ಷಾ ತಡವರಿಸಿದಳು. "ಅದು... ಟೆಸ್ಟ್ ಮಾಡಿದಾಗ್ಲೇ."

"ಎರಡು ವರ್ಷ ಆತು."

"ಅದು ಸ್ಟಡಿ ಹುಲಿಗೆವ್ವ, ಟ್ರೀಟ್‌ಮೆಂಟ್ ಅಲ್ಲ. ಒಬ್ಬೊಬ್ಬರಿಗೆ ರಿಪೋರ್ಟ್ ಕೊಡೋದು ನಮ್ಮ ಪ್ಲ್ಯಾನಲ್ಲೇ ಇರ್ಲಿಲ್ಲ."

"ಒಂದು ಮಾತು ಹೇಳಿದ್ರ ಸಾಕಾಗಿತ್ತಲ್ರಿ. ಮನೀ ಎಮ್ಮಿ ಹಾಲು ಡೈರಿಗೆ ಹಾಕ್ತಿದ್ದಿಲ್ಲ ನಾ. ಆ ಊರಾಗ ಇರ್ತಿದ್ದಿಲ್ಲ."

ಸಮೀಕ್ಷಾ ಎದ್ದು ಕೋಣೆಗೆ ಹೋದಳು. ಶನಿವಾರದ ಊಟ ಬೇಡವೆನ್ನೋಣವೇ ಎಂದು ಜಯದೇವ ಒಳಗೆ ಕೇಳುವುದು ಕೇಳಿಸಿತು. ಮುಂದಿನ ವಾರ ಪ್ರೊಫೆಸರ್ ಊರಲ್ಲಿರಲ್ಲ, ಹುಲಿಗೆವ್ವಳಿಗೂ ಕೆಲಸದಲ್ಲಿ ಮನಸ್ಸು ಹಗುರಾಗುತ್ತೆ ಬಿಡು ಎಂದಳು ಸಮೀಕ್ಷಾ.

ಶನಿವಾರ ಹುಲಿಗೆವ್ವ ರೊಟ್ಟಿ ಬಡಿದಳು. ಬದನೆಕಾಯಿ ಎಣ್ಣೆಗಾಯಿ ಮಾಡಿದಳು. ಬಿಳಿಗೂದಲ ಪ್ರೊಫೆಸರ್ ಹೆಂಡತಿಯ ಜೊತೆ ಬಂದು, ರೊಟ್ಟಿ ಮುರಿದು ತಿಂದು, ಹುಲಿಗೆವ್ವಳ ಕಡೆ ನೋಡಿ ಏನೋ ಹೇಳಿ ನಕ್ಕರು.

"ರೊಟ್ಟಿ ತುಂಬಾ ಚೆನ್ನಾಗಿದೆ ಅಂತಿದಾರೆ ಸರ್," ಎಂದಳು ಸಮೀಕ್ಷಾ.

ಹುಲಿಗೆವ್ವ ಖಾಲಿಯಿದ್ದ ಕುರ್ಚಿ ಎಳೆದು ಪ್ರೊಫೆಸರ ಎದುರಿಗೆ ಕೂತಳು. ಆ ಮೇಜಿಗೆ ಅವಳು ಕೂತದ್ದು ಅದೇ ಮೊದಲು. ಜಯದೇವನ ಕೈಯ ತುತ್ತು ಅಲ್ಲೇ ನಿಂತಿತು.

"ಸಾಹೇಬ್ರಿಗೆ ಹೇಳ್ರಿ. ನನ್ ಮಗಳ ರಕ್ತ ಒಯ್ದ್ರಿ. ಅದರಾಗ ಏನೂ ಇಲ್ಲ ಅಂತ ಗೊತ್ತಿದ್ದೂ ಸುಮ್ನ ಇದ್ರಿ. ಕೂಸು ಗುರುವಾರ ಸತ್ತೈತಿ."

ಸಮೀಕ್ಷಾ ಇಂಗ್ಲಿಷಿನಲ್ಲಿ ಎರಡೇ ಮಾತು ಹೇಳಿದಳು. ಪ್ರೊಫೆಸರ್ ಮರುಕದಿಂದ ತಲೆಯಾಡಿಸಿ ಮತ್ತೆ ರೊಟ್ಟಿಗೆ ಕೈ ಹಾಕಿದರು.

"ಅಮ್ಮಾ, ಅವಳು ಹಾಗೆ ಹೇಳ್ಲಿಲ್ಲ," ಎಂದಳು ಅಮೂಲ್ಯಾ. ಎರಡು ತಿಂಗಳಿಂದ ಹುಲಿಗೆವ್ವಳ ಮಾತು ಕೇಳಿಯೇ ನಿದ್ದೆ ಮಾಡುತ್ತಿದ್ದ ಮಗು. ಪ್ರೊಫೆಸರ ಕಡೆ ತಿರುಗಿ ಡಚ್ಚಿನಲ್ಲಿ ಹೇಳತೊಡಗಿತು. ಜಯದೇವ ಗದರಿದ. ಅಷ್ಟರಲ್ಲಿ ಅದು ಹೇಳಿ ಮುಗಿಸಿತ್ತು. ಪ್ರೊಫೆಸರ ಹೆಂಡತಿ ತಟ್ಟೆಯನ್ನು ಹಿಂದಕ್ಕೆ ಸರಿಸಿದಳು.

"ಹುಲಿಗೆವ್ವ, ಒಳಗೆ ಹೋಗು," ಎಂದಳು ಸಮೀಕ್ಷಾ ತಗ್ಗಿದ ದನಿಯಲ್ಲಿ.

"ಹೋಗಂಗಿಲ್ರಿ. ನಂದು ಹೋತು. ಇನ್ನ ಐವತ್ತೇಳು ಅದಾವ. ಎಲ್ಲಾರ ತೋಳೂ ನಾನಾ ಹಿಡಿದೇನಿ. ಒಂದೊಂದು ಹೆಸರು ಹೇಳ್ತೀನಿ, ಒಂದೊಂದರ ರಕ್ತದಾಗ ಏನೈತಿ ಹೇಳ್ರಿ. ಅವ್ರ ಅವ್ವಗೋಳಿಗೆ ಈಗ್ಲೇ ಫೋನ್ ಮಾಡ್ತೀನಿ."

ಫೋನನ್ನು ಮೇಜಿನ ಮೇಲಿಟ್ಟಳು. ಪ್ರೊಫೆಸರ್ ಸಮೀಕ್ಷಾಳನ್ನೇ ನೋಡುತ್ತಿದ್ದರು.

"ಕುಂಬಾರ ಗವಿಸಿದ್ದಪ್ಪನ ಮಗ, ಎರಡನೇದಾಂವ, ಪ್ರಹ್ಲಾದ. ನಾಕು ವರ್ಷ," ಎಂದಳು ಹುಲಿಗೆವ್ವ. "ಹೇಳ್ರಿ."