ಹುರಿದ ರಾಗಿ

ಇವತ್ತೂ ಮೊಳಕೆ ಬಂದಿರಲಿಲ್ಲ. ಚೌರಪ್ಪ ಬೆರಳಿನಿಂದ ಜಗಲಿಯಲ್ಲಿಟ್ಟ ತಟ್ಟೆಯ ಮಣ್ಣು ಕೆದಕಿದ. ರಾಗಿ ಬಿತ್ತಿದ ಹಾಗೇ ಇತ್ತು.

ಬರುವುದೂ ಇಲ್ಲವೆಂದು ಅವನಿಗೆ ಗೊತ್ತಿತ್ತು. ಪ್ರತಿ ವರ್ಷ ಕ್ರಿಸ್ಮಸ್ಸಿಗೆ ಮುಂಚೆ ಹೆಂಡತಿ ಪ್ರೇಮಲೀಲಾ ತಟ್ಟೆಯಲ್ಲಿ ರಾಗಿ ಚೆಲ್ಲುತ್ತಿದ್ದಳು. ಪೈರು ಬಂದಮೇಲೆ ಗೋದಲಿಯಲ್ಲಿ ಬಾಲಯೇಸುವಿನ ಸುತ್ತ ಇಡುವುದಕ್ಕೆ. ಈ ಸಲ ಅವಳ ಕೈಗೆ ಸಿಕ್ಕಿದ್ದು ಕೆಂಪು ಮುಚ್ಚಳದ ಡಬ್ಬಿ. ಅದರಲ್ಲಿದ್ದದ್ದು ಮಗಳ ಗಂಜಿಗೆಂದು ಹುರಿದಿಟ್ಟ ರಾಗಿ. ಡಬ್ಬಿ ಅರ್ಧ ಖಾಲಿಯಾದದ್ದು ಅವನಿಗೆ ಅವತ್ತೇ ಕಂಡಿತ್ತು. ಹೇಳಬಹುದಿತ್ತು. ಹೇಳಲಿಲ್ಲ.

ಒಂದನ್ನು ಹೇಳಿದರೆ ಇನ್ನೊಂದನ್ನೂ ಹೇಳಬೇಕಾಗುತ್ತಿತ್ತು. ಹೂಟಗಳ್ಳಿಯ ತಿರುವಿನಲ್ಲಿ ಸ್ಕೂಟರಿನಿಂದ ಬಿದ್ದ ಮಗಳು ಗಗನ ಮಳೆಗಾಲದಿಂದ ಮಲಗಿದ್ದಳು. ಕಣ್ಣು ತೆರೆದಿರುತ್ತಿತ್ತು, ನೋಟವಿರಲಿಲ್ಲ. ಇನ್ನು ಏಳುವುದಿಲ್ಲ ಎಂದು ಡಾಕ್ಟರು ಚೌರಪ್ಪನನ್ನು ಪಕ್ಕಕ್ಕೆ ಕರೆದು ಇಂಗ್ಲಿಷಿನಲ್ಲಿ ಹೇಳಿದ್ದರು. ಇಂಗ್ಲಿಷಿನಲ್ಲಿ ಕೇಳಿದ್ದರಿಂದ ಅದು ಬೇರೆ ಯಾರದೋ ಮಗಳ ಸುದ್ದಿಯಂತಿತ್ತು. ಅವನು ಥ್ಯಾಂಕ್ಸ್ ಕೂಡ ಹೇಳಿ ಬಂದಿದ್ದ.

ಪ್ರೇಮಲೀಲಾ ಚೊಂಬು ಹಿಡಿದು ಬಂದಳು. ಮಗಳ ಮೂಗಿನ ನಳಿಕೆಗೆ ಗಂಜಿ ಬಿಟ್ಟಾಗಿತ್ತು, ಜಪಸರವೂ ಮುಗಿದಿತ್ತು. ಇನ್ನು ತಟ್ಟೆಗೆ ನೀರು. ಅವಳ ಕೈ ನಡುಗುತ್ತಿರಲಿಲ್ಲ. ಆ ಕೈ ಕಂಡರೆ ಅವನಿಗೆ ಸಿಟ್ಟು, ಕಾಣದಿದ್ದರೆ ಹೆದರಿಕೆ. ಪಾಪ, ಇವಳಿಗೇನೂ ಗೊತ್ತಿಲ್ಲ ಅಂದುಕೊಂಡು ಕಾಲೇಜಿಗೆ ಹೊರಟ.

ಅವನು ಸಸ್ಯಶಾಸ್ತ್ರದ ಮೇಷ್ಟ್ರು. ಅವತ್ತಿನ ಪಾಠ ಬೀಜ ಮೊಳೆಯುವುದು. ದೇವರೆಂಬುವನಿಗೆ ತಮಾಷೆ ಮಾಡಲು ಕಾಲೇಜಿನ ಟೈಮ್‌ಟೇಬಲ್ಲೇ ಬೇಕಾಯಿತೇ? ನೀರು, ಗಾಳಿ, ಶಾಖ ಎಂದು ಬೋರ್ಡಿನ ಮೇಲೆ ಬರೆದ. ಮುಂದಿನ ಬೆಂಚಿನ ಧನುಶ್ರೀ ಎದ್ದು ನಿಂತಳು.

"ಬೀಜ ಒಳಗೇ ಸತ್ತಿದ್ರೆ ಹೊರಗಿಂದ ಗೊತ್ತಾಗುತ್ತಾ ಸಾರ್?"

"ಅದು ಪರೀಕ್ಷೆಗೆ ಬರಲ್ಲ. ಕೂತ್ಕೊಳಮ್ಮ."

ಸಂಜೆ ಮಾರ್ಕೆಟ್ಟಿನ ಬೀಜದಂಗಡಿಗೆ ಹೋದ. ಮೊಳೆಯುತ್ತದೆಯೇ ಎಂದು ಎರಡು ಸಲ ಕೇಳಿದ. ಮೊಳೀದೆ ಎಲ್ಲಿಗೋಯ್ತದೆ ಸಾ ಎಂದು ಅಂಗಡಿಯವನು ನಕ್ಕ. ಒಂದು ಪೊಟ್ಟಣ ರಾಗಿ ಜೇಬಿಗಿಳಿಯಿತು. ಅವಳಿಗೆ ಕಾಣದಂತೆ ಮೇಲೊಂದಿಷ್ಟು ಉದುರಿಸಿದರಾಯಿತು. ಹಸಿರು ಕಂಡರೆ ಹೆಂಡತಿ ಇನ್ನಷ್ಟು ದಿನ ಹೀಗೇ ನಿಂತಿರುತ್ತಾಳೆ. ತಿಂಗಳುಗಳ ಮೇಲೆ ಮೊದಲ ಸಲ ಅವನಿಗೆ ತಾನೂ ಗಂಡಸು ಅನ್ನಿಸಿತು.

ರಾಮಕೃಷ್ಣನಗರದ ಮನೆ ತಲುಪಿದಾಗ ಜಗಲಿಯ ದೀಪ ಹಾಕಿರಲಿಲ್ಲ. ಪೊಟ್ಟಣ ಹರಿದು ತಟ್ಟೆಯ ಮೇಲೆ ಸುರಿದ, ಬೆರಳಾಡಿಸಿದ. ಹಿಂದೆ ಚೊಂಬು ನೆಲಕ್ಕಿಟ್ಟ ಸದ್ದಾಯಿತು.

"ಅದನ್ನ ತೆಗೀರಿ," ಎಂದಳು ಪ್ರೇಮಲೀಲಾ.

"ನೀನು ಬಿತ್ತಿದ್ದು ಹುರಿದ ರಾಗಿ ಕಣೇ."

"ಗೊತ್ತು. ಮಾರನೇ ದಿನ ಡಬ್ಬಿ ನೋಡ್ದೆ. ಡಾಕ್ಟ್ರು ಏನಂದ್ರು ಅಂತಾನೂ ಗೊತ್ತು. ನಂಗೆ ಕನ್ನಡದಲ್ಲೇ ಹೇಳಿದ್ರು."

ಚೌರಪ್ಪ ತಟ್ಟೆಯಿಂದ ಕೈ ತೆಗೆದ. "ಮತ್ತೆ ನೀರ್ಯಾಕೆ ಹಾಕ್ತೀಯ?"

"ಮೊಳೆಸೋದು ದೇವ್ರ ಕೆಲ್ಸ ಕಣ್ರೀ. ನೀರು ಹಾಕೋದು ನನ್ನ ಕೆಲ್ಸ. ನೀವು ಮೋಸದಲ್ಲಿ ಹಸಿರು ತಂದ್ಬುಟ್ರೆ ನಾನು ಯಾರನ್ನ ಕಾಯ್ಲಿ?"

ಮಗಳನ್ನು ಮಗ್ಗುಲು ಬದಲಿಸಬೇಕಿತ್ತು. ಅವಳು ಒಳಗೆ ಹೋದಳು.

ಇಷ್ಟು ದಿನ ಅವನು ಒರಗಿ ನಿಂತಿದ್ದದ್ದು ಅವಳ ನಂಬಿಕೆಗಲ್ಲ, ಅವಳಿಗೆ ಗೊತ್ತಿಲ್ಲ ಎಂಬುದಕ್ಕೆ. ಈಗ ಅದೂ ಇರಲಿಲ್ಲ. ಅವನಿಗೆ ಭಯವಾಯಿತು.

ದೀಪ ಹಾಕಿ ಕುಕ್ಕರುಗಾಲಿನಲ್ಲಿ ಕುಳಿತು ಕಾಳು ಆರಿಸತೊಡಗಿದ. ಅಪ್ಪ ಬಂದ್ರು ನೋಡು ಎಂದು ಪ್ರೇಮಲೀಲಾ ಗಗನಳಿಗೆ ಹೇಳುತ್ತಿದ್ದಳು. ಒಂದು ಕೈ ಹಿಡೀರಿ ಬನ್ನಿ ಎಂದು ಅವನನ್ನೂ ಕರೆದಳು. ಅಂಗೈ ತುಂಬ ಒದ್ದೆ ರಾಗಿ, ಮಣ್ಣು ಮೆತ್ತಿ ಎಲ್ಲ ಒಂದೇ ಬಣ್ಣ. ಯಾವುದು ಸತ್ತದ್ದು, ಯಾವುದು ಜೀವವಿದ್ದದ್ದು, ಮೇಷ್ಟ್ರಿಗೆ ತಿಳಿಯಲಿಲ್ಲ. ಅವಳು ಇನ್ನೊಮ್ಮೆ ಕರೆದಳು. ಅವನು ಮುಷ್ಟಿ ಬಿಚ್ಚಲೂ ಆರದೆ, ಮುಚ್ಚಲೂ ಆರದೆ ಕುಳಿತೇ ಇದ್ದ.