ಈ ವರ್ಷದ ಬಾಗಿನ

ಮೈ ಕೊಯ್ಯಿಸಿಕೊಂಡು ಕೊಟ್ಟವಳೇ ಅಪರಾಧಿಯ ಹಾಗೆ ಕೂರುವ ಗತಿ ಯಾರಿಗೂ ಬಾರದಿರಲಿ. ಪಂಕಜಾಗೆ ಬಂದಿತ್ತು. ಅಣ್ಣ ಸೀನುವಿಗೆ ತನ್ನ ಲಿವರ್‌ನಲ್ಲಿ ಒಂದು ಭಾಗ ಕೊಟ್ಟು, ಬನಶಂಕರಿಯ ಆಸ್ಪತ್ರೆಯಲ್ಲಿ ಹೊಲಿಗೆ ಹಾಕಿದ ಹೊಟ್ಟೆ ಹಿಡಿದುಕೊಂಡು ಕೂತಿದ್ದಳು. ಐಸಿಯುನಲ್ಲಿದ್ದ ಅಣ್ಣನ ಕಣ್ಣು ಮತ್ತೆ ಹಳದಿಗೆ ತಿರುಗಿತ್ತು.

"ಹೊಸ ಲಿವರ್ ನಿಲ್ಲತ್ತೋ ಇಲ್ವೋ ಅಂತ ಮೊದಲನೇ ವಾರದ ರಕ್ತ ಪರೀಕ್ಷೆಯಲ್ಲೇ ಸುಮಾರಾಗಿ ಗೊತ್ತಾಗತ್ತೆ. ಸದ್ಯಕ್ಕೆ ಚೆನ್ನಾಗಿಲ್ಲ" ಎಂದಿದ್ದರು ಡಾಕ್ಟರ್ ಚಕ್ರಪಾಣಿ. ತನ್ನದೇ ಸರಿಯಿಲ್ಲ, ಅಣ್ಣನನ್ನು ತಾನೇ ಕೊಲ್ಲುತ್ತಿದ್ದೇನೆ ಎಂದು ಪಂಕಜಾ ಊಟ ಬಿಟ್ಟಳು.

ಅವಳಿಗೆ ತವರು ಅಂದರೆ ಸೀನು ಒಬ್ಬನೇ. ಅಪ್ಪ ಅಮ್ಮ ಹೋದ ಮೇಲೂ ಒಂದೂ ಗೌರಿ ಹಬ್ಬ ತಪ್ಪಿಸದೆ ಜಯನಗರದಿಂದ ಗಿರಿನಗರಕ್ಕೆ ಸ್ಕೂಟರಿನಲ್ಲಿ ಬಾಗಿನ ಹೊತ್ತು ತಂದವನು. ಅದಕ್ಕೇ ಗಂಡ ಬೇಡವೆಂದರೂ ಜಗಳವಾಡಿ ಒಪ್ಪಿಸಿದ್ದಳು.

ಅತ್ತಿಗೆ ವಿಭಾ ಅತ್ತೂ ಅತ್ತೂ ಊದಿದ ಮುಖದಲ್ಲಿ ಬಂದಳು.

"ಅತ್ತಿಗೆ, ನಂದು ಯಾಕೆ ಕೆಲಸ ಮಾಡ್ತಿಲ್ಲ?"

"ನಿಂದು ಚಿಕ್ಕದು, ಕೈ ಕೊಡಬಹುದು ಅಂತ ಡಾಕ್ಟ್ರು ಮೊದಲೇ ಅಂದಿದ್ರಲ್ಲ. ಮಯೂರ್‌ದು ತಗೊಂಡಿದ್ರೆ..." ವಿಭಾ ನಾಲಿಗೆ ಕಚ್ಚಿಕೊಂಡಳು.

ಮಯೂರ್ ಅವಳ ಮಗ, ಆರಡಿ ಆಳು.

"ಅವನ ಬ್ಲಡ್ ಗ್ರೂಪ್ ಕೂಡಲಿಲ್ಲ ಅಂದ್ರಿ?"

ವಿಭಾ ಸೆರಗಿನಿಂದ ಮುಖ ಒರೆಸಿಕೊಂಡು ಹೇಳಿದಳು: "ಕೂಡಿತ್ತು. ಮದುವೆ ಮಾತು ನಡೀತಿದೆ, ಹುಡುಗನ ಹೊಟ್ಟೆ ಮೇಲೆ ಗಾಯ ನೋಡಿದ್ರೆ ಹೆಣ್ಣಿನ ಕಡೆಯವ್ರು ಏನಂತಾರೋ ಅಂತ ನಿಮ್ಮಣ್ಣನೇ ಬೇಡ ಅಂದ್ರು. ಪಂಕಜಾನ ಕೇಳು, ಅವಳು ಇಲ್ಲ ಅನ್ನಲ್ಲ ಅಂದ್ರು."

ಪಂಕಜಾಗೆ ಹೊಟ್ಟೆಯ ಹೊಲಿಗೆಗಿಂತ ಆ ಮಾತು ಹೆಚ್ಚು ಉರಿಯಿತು. ಅವಳಿಗೂ ಒಬ್ಬಳು ಮಗಳಿದ್ದಳು. ಅಣ್ಣನ ಲೆಕ್ಕದಲ್ಲಿ ಆ ಮಗುವಿನ ತಾಯಿಗೆ ಏನಾದರೂ ಪರವಾಗಿರಲಿಲ್ಲ.

ಅವಳ ಚಿಕ್ಕ ಲಿವರ್ ಮಾತ್ರ ಅಣ್ಣನ ಕೈ ಬಿಡಲಿಲ್ಲ. ನಿಧಾನವಾಗಿ ಚೇತರಿಸಿಕೊಂಡಿತು. ಸೀನು ಮನೆಗೆ ಹೋದ.

ಗೌರಿ ಹಬ್ಬದ ಬೆಳಿಗ್ಗೆ ಮಾಸ್ಕ್ ಹಾಕಿಕೊಂಡು, ಆಟೋದಲ್ಲಿ ಬಾಗಿನದ ಮೊರ ತಂದ. ಪಂಕಜಾ ಮೊದಲು ನೋಡಿದ್ದು ಅವನ ಕಣ್ಣು. ಬೆಳ್ಳಗಿತ್ತು. ಜೀವಕ್ಕೆ ಸಮಾಧಾನವಾಯಿತು, ಸಮಾಧಾನವಾಯಿತಲ್ಲ ಎಂದು ಸಿಟ್ಟೂ ಬಂತು.

"ತಗೋ ಪುಟ್ಟಿ," ಎಂದು ಸೀನು ಮೊರ ಚಾಚಿದ.

ಅವಳು ಕೈ ಚಾಚಲಿಲ್ಲ.

"ಮಯೂರ್‌ದು ಕೂಡುತ್ತೆ, ಆದ್ರೂ ನಿಂದೇ ಕೊಡು ಅಂತ ಕೇಳಿದ್ರೂ ಕೊಡ್ತಿದ್ದೆ ಅಣ್ಣ."

ಸೀನು ಮೊರವನ್ನು ಅವಳ ಮುಂದೆ ಇಡಲು ಬಗ್ಗಿದ. ಮೊರದೊಳಗಿನ ಬಳೆಗಳು ಸಣ್ಣಗೆ ಸದ್ದು ಮಾಡಿದವು.

"ಅವಳು ಇಲ್ಲ ಅನ್ನಲ್ಲ ಅಂದಿದ್ಯಂತೆ. ಈಗ ಇಲ್ಲ ಅಂತಿದೀನಿ. ವಾಪಸ್ ತಗೊಂಡು ಹೋಗು. ಮಾತ್ರೆ ಮಾತ್ರ ತಪ್ಪಿಸ್ಬೇಡ, ಒಳಗಿರೋದು ನಂದು."