ಅವ್ವನ ಪಕ್ಕದ ಜಾಗ

ಕಡೂರಿನ ಕಾಲೇಜಿನಲ್ಲಿ ಭೌತಶಾಸ್ತ್ರ ಕಲಿಸಿ ನಿವೃತ್ತರಾದ ಮೇಲೆ ರುದ್ರಮೂರ್ತಿ ನ್ಯಾಯದ ಬಗ್ಗೆ ಓದತೊಡಗಿದರು. ಓದಿದ್ದರಲ್ಲಿ ಅವರಿಗೆ ಬಹಳ ಹಿಡಿಸಿದ್ದು ಒಂದೇ ಮಾತು: ತನಗೆ ಯಾವ ಪಾಲು ಬರುತ್ತದೆಂದು ಗೊತ್ತಿಲ್ಲದವನು ಮಾತ್ರ ಸರಿಯಾಗಿ ಹಂಚಬಲ್ಲ. ಇಡೀ ಸಮಾಜವನ್ನೇ ಹೀಗೆ ಕಟ್ಟಬಹುದೆಂದು ಸಂಜೆಯ ವಾಕಿಂಗಿನಲ್ಲಿ ಸಿಕ್ಕವರಿಗೆಲ್ಲ ವಿವರಿಸುತ್ತಿದ್ದರು. ಸಮಾಜ ಕೈಗೆ ಸಿಗಲಿಲ್ಲ; ಅಪ್ಪ ಬಿಟ್ಟುಹೋದ, ಇನ್ನೂ ಭಾಗವಾಗದ ಸಿಂಗಟಗೆರೆಯ ತೆಂಗಿನ ತೋಟ ಸಿಕ್ಕಿತು.

ಭಾಗ ಮಾಡುವುದು ತಾನು, ಮೊದಲು ಆರಿಸುವುದು ತಮ್ಮ ರೇಣುಕಪ್ರಸಾದ್, ಉಳಿದದ್ದು ತನಗೆ ಎಂದು ತತ್ವಸಮೇತ ವಿವರಿಸಿದರು. ಊರಲ್ಲೇ ಇದ್ದು ತೋಟ ನೋಡಿಕೊಂಡಿದ್ದ ಪ್ರಸಾದ್ ಪೂರ್ತಿ ಕೇಳಿ, "ನಮ್ ಕಡೆ ಮೊದ್ಲಿಂದ್ಲೂ ಹಂಗೇ ಅಲ್ವೇನಣ್ಣ? ದೊಡ್ಡೋನು ಹಂಚ್ತಾನೆ, ಚಿಕ್ಕೋನು ಆರಿಸ್ಕೊತಾನೆ" ಎಂದ. ರುದ್ರಮೂರ್ತಿಗೆ ಸ್ವಲ್ಪ ಬೇಸರವಾಯಿತು.

ತೊಡಕು ಬೇರೆಯೇ ಇತ್ತು. ತೋಟದ ಪಡುವಣ ಮೂಲೆಯಲ್ಲಿ ಅಪ್ಪನ ಸಮಾಧಿ, ಅದಕ್ಕೆ ಒತ್ತಿ ಅವ್ವನದು. ತಾವು ಸತ್ತ ಮೇಲೆ ಅವ್ವನ ಇನ್ನೊಂದು ಪಕ್ಕದಲ್ಲಿ ತಮ್ಮನ್ನು ಮಣ್ಣು ಮಾಡಬೇಕೆಂಬುದು ರುದ್ರಮೂರ್ತಿಯ ಆಸೆ. ಬಾಯಿಬಿಟ್ಟು ಹೇಳಿದರೆ ಹಂಚುವವನಿಗೇ ಒಂದು ಪಾಲಿನ ಮೇಲೆ ಕಣ್ಣಿದೆ ಎಂದಾಗಿ ಪದ್ಧತಿಯೇ ಕೆಡುತ್ತದೆ. ಹಾಗಾಗಿ ಹೇಳಲಿಲ್ಲ. ಕೊಳವೆಬಾವಿ, ಕಪ್ಪು ಮಣ್ಣು, ಒಳ್ಳೆ ಫಸಲಿನ ಮರಗಳನ್ನು ಮೂಡಣ ಪಾಲಿಗೆ ಸೇರಿಸಿ, ಪಡುವಣಕ್ಕೆ ಕಲ್ಲುನೆಲವನ್ನೂ ನುಸಿ ಹಿಡಿದ ಮರಗಳನ್ನೂ ಬಿಟ್ಟರು. ಬುದ್ಧಿಯಿದ್ದವರು ಅದನ್ನು ಮುಟ್ಟುವುದಿಲ್ಲ. ಇದು ಮೋಸವಲ್ಲ, ನಷ್ಟವೆಲ್ಲ ತನಗೇ ತಾನೆ ಎಂದು ಸಮಾಧಾನ ಹೇಳಿಕೊಂಡರು.

ಹಕ್ಕು ಬಿಟ್ಟುಕೊಡುವ ಸಹಿ ಹಾಕಲು ತರೀಕೆರೆಯಿಂದ ತಂಗಿ ಕೋಮಲಾ ಬಂದಳು. ಕಾಫಿ ಲೋಟ ಹಿಡಿದು ದೊಡ್ಡಣ್ಣನ ವಿವರಣೆಯನ್ನೆಲ್ಲ ಕೇಳಿದಳು.

"ಸರಿ ದೊಡ್ಡಣ್ಣ. ಯಾವ ಪಾಲು ಯಾರಿಗೆ ಅನ್ನೋದ್ನ ಮರ್ತು ಹಂಚಿದ್ದೀಯ. ಗಂಡಾಗಿ ಹುಟ್ಟಿದೀನಿ ಅನ್ನೋದ್ನೂ ಒಂದ್ಗಳಿಗೆ ಮರ್ತಿದ್ರೆ, ಎಷ್ಟು ಪಾಲು ಮಾಡ್ತಿದ್ದೆ?"

ಪ್ರಸಾದ್ ಅವಳ ಮದುವೆಯ ಖರ್ಚಿನ ಮಾತೆತ್ತಿದ. ಅವಳು ದೊಡ್ಡಣ್ಣನ ಎಂಎಸ್ಸಿಗೆಂದು ಮಾರಿದ ಹೊಲದ ಮಾತೆತ್ತಿದಳು. ರುದ್ರಮೂರ್ತಿ ತಮ್ಮ ತತ್ವದಲ್ಲಿ ಎಲ್ಲಾದರೂ ತಪ್ಪಿದೆಯೇ ಎಂದು ಬಹಳ ಹೊತ್ತು ಹುಡುಕಿದರು. ಸಿಗಲಿಲ್ಲ. ಮೂರು ಪಾಲಿಗೆ ಒಪ್ಪಲೇಬೇಕಾಯಿತು.

ಮೂಡಣವನ್ನು ಎರಡು ಮಾಡಿದರು, ಪಡುವಣವನ್ನು ಮುಟ್ಟಲಿಲ್ಲ. ಈಗ ಮೊದಲ ಆಯ್ಕೆ ಎಲ್ಲರಿಗಿಂತ ಚಿಕ್ಕವಳದು. ಕೋಮಲಾ ಸೆರಗು ಸೊಂಟಕ್ಕೆ ಸಿಕ್ಕಿಸಿ ತೋಟವೆಲ್ಲ ಸುತ್ತಿ ಬಂದು, "ನಂಗೆ ಅವ್ವ ಇರೋ ಕಡೇದು ಸಾಕು" ಎಂದಳು.

ನ್ಯಾಯ ನ್ಯಾಯ ಎನ್ನುತ್ತಲೇ ಮೇಷ್ಟ್ರು ತಂಗಿಗೆ ಕಲ್ಲುನೆಲ ಕಟ್ಟಿದರು ಎಂದು ಬಸ್‌ಸ್ಟ್ಯಾಂಡಿನ ಹೋಟೆಲಿನಲ್ಲಿ ಮಾತಾಯಿತು. ಆ ನೆಲ ತನಗೇ ಬೇಕಿತ್ತೆಂದು ರುದ್ರಮೂರ್ತಿ ಯಾರಿಗೆ ಹೇಳುವುದು? ಹೇಳಿದರೂ ಯಾರು ನಂಬುವುದು?

ಮುಂದಿನ ಅಮಾವಾಸ್ಯೆಗೆ ಸಮಾಧಿಗೆ ದೀಪ ಹಚ್ಚಲು ಬಂದ ತಂಗಿಯ ಬಳಿ ಕೊನೆಗೂ ಆಸೆ ತೋಡಿಕೊಂಡರು.

"ಅಯ್ಯೋ, ಮೊದ್ಲೇ ಕೇಳಿದ್ರೆ ಬೇಡ ಅಂತಿದ್ನಾ?" ಎಂದಳು ಕೋಮಲಾ. "ಚಿಕ್ಕಣ್ಣ ಮೊನ್ನೇನೇ ಕೇಳಿದ, ಅದೇ ಜಾಗ."

"ಕೊಟ್ಬಿಟ್ಯಾ?"

"ಇಲ್ಲ, ದೊಡ್ಡಣ್ಣನ್ನ ಕೇಳಿ ಹೇಳ್ತೀನಿ ಅಂದೆ. ಹಂಚೋದು ನಿನ್ ಕೆಲ್ಸ ಅಲ್ವಾ? ನೀನು ಹಂಚು, ಅವ್ನು ಆರಿಸ್ಕೊಳ್ಲಿ."

ರುದ್ರಮೂರ್ತಿ ಅವ್ವನ ಸಮಾಧಿಗೂ ಬೇಲಿಗೂ ನಡುವಿನ ನೆಲವನ್ನು ಅಭ್ಯಾಸಬಲದಿಂದ ಕಣ್ಣಲ್ಲೇ ಅಳೆದರು. ಒಬ್ಬರಷ್ಟೇ ಮಲಗಬಹುದಿತ್ತು.